ಇಪ್ಪತ್ತು ಡಾಲರ್ ಬಂದೂಕಿನ ಪೂರ್ತಿ ಬೆಲೆ

ಅಮೆರಿಕದ ಹಳೆಯ ಬಂದೂಕು ಸಂಗ್ರಾಹಕರಲ್ಲಿ ಒಂದು ಹಳಹಳಿಕೆ ಇಂದಿಗೂ ಉಳಿದಿದೆ. ಎರಡನೇ ಮಹಾಯುದ್ಧದಲ್ಲಿ ಬಳಸಿದ್ದ ರೈಫಲ್ 1960ರ ಆಸುಪಾಸಿನಲ್ಲಿ ಇಪ್ಪತ್ತು ಡಾಲರಿಗೆ ಅಂಚೆಯಲ್ಲಿ ಮನೆಬಾಗಿಲಿಗೆ ಬರುತ್ತಿತ್ತು. ಆಗ ನಾಲ್ಕು ಕೊಂಡಿಟ್ಟಿದ್ದರೆ ಇವತ್ತು ಎಷ್ಟಾಗುತ್ತಿತ್ತು ಎಂಬ ಕೊರಗು ಅದು. ಈ ಕೊರಗು ನಿಂತಿರುವುದು ಎರಡು ನಂಬಿಕೆಗಳ ಮೇಲೆ. ಆ ಕಾಲದ ಬೆಲೆಯೇ ಬಂದೂಕಿನ ಸಹಜ ಬೆಲೆ ಎಂಬುದು ಒಂದು. ಗಟ್ಟಿ ಕಬ್ಬಿಣ, ಒಳ್ಳೆಯ ಮರದ ಕೆಲಸಕ್ಕೆ ಎಂದಿಗೂ ಬೆಲೆ ಕುಸಿಯದು ಎಂಬುದು ಇನ್ನೊಂದು. ಈ ವ್ಯಾಪಾರದ ಚರಿತ್ರೆಯನ್ನು ಕ್ರಮವಾಗಿ ನೋಡುತ್ತ ಹೋದರೆ ಎರಡೂ ಸಡಿಲವಾಗುತ್ತವೆ. ಅಂದಿನ ಅಗ್ಗವನ್ನು ತಂದದ್ದು ಯುದ್ಧಗಳು, ಇಂದಿನ ತುಟ್ಟಿಯನ್ನು ತಂದದ್ದು ಬಹುಮಟ್ಟಿಗೆ ಕಾನೂನುಗಳು.

ಸೇನೆಯಲ್ಲಿ ಮಿಕ್ಕ ಸರಕನ್ನು ಜನರಿಗೆ ಮಾರುವುದನ್ನು ದೊಡ್ಡ ಉದ್ಯಮವಾಗಿ ಬೆಳೆಸಿದವರಲ್ಲಿ ನ್ಯೂಯಾರ್ಕಿನ ಫ್ರಾನ್ಸಿಸ್ ಬ್ಯಾನರ್‌ಮನ್ ಮುಖ್ಯ. ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಸಾಮಾನಿನಿಂದ ಈ ಮನೆತನದ ವ್ಯಾಪಾರ ಹಬ್ಬಿತು. 1898ರಲ್ಲಿ ಅಮೆರಿಕದೆದುರು ಸ್ಪೇನ್ ಸೋತಾಗ ವಶವಾದ ಯುದ್ಧಸಾಮಗ್ರಿಯ ಬಹುಪಾಲನ್ನು ಬ್ಯಾನರ್‌ಮನ್ ಕೊಂಡ. ಅದರಲ್ಲಿ ಮದ್ದುಗುಂಡು ಎಷ್ಟಿತ್ತೆಂದರೆ ನಗರದೊಳಗೆ ಇಡುವಂತಿರಲಿಲ್ಲ. 1900ರಲ್ಲಿ ಹಡ್ಸನ್ ನದಿಯ ಪೊಲೆಪೆಲ್ ದ್ವೀಪವನ್ನೇ ಕೊಂಡು, ಕೋಟೆಯಾಕಾರದ ಗೋದಾಮು ಕಟ್ಟಿಸಿದ. 1920ರಲ್ಲಿ ಅಲ್ಲಿನ ಮದ್ದಿನಮನೆ ಸಿಡಿದು ಕಟ್ಟಡಕ್ಕೆ ಹಾನಿಯಾಯಿತು. ಅವನ ದಪ್ಪ ಬೆಲೆಪಟ್ಟಿ ದಶಕಗಳ ಕಾಲ ಮನೆಮನೆಗೆ ಹೋಯಿತು. ಅದರಲ್ಲಿನ ಅಗ್ಗದ ಬೆಲೆಗಳು ಸಾಧ್ಯವಾದದ್ದಕ್ಕೆ ಕಾರಣ ಸರಳ: ಬಂದೂಕು ಮಾಡಿದ ಕಾರ್ಖಾನೆಗೆ ಸರ್ಕಾರ ಆಗಲೇ ಹಣ ಕೊಟ್ಟಾಗಿತ್ತು. ಹರಾಜಿನಲ್ಲಿ ಸರ್ಕಾರ ಕೇಳುತ್ತಿದ್ದುದು ಜಾಗ ಖಾಲಿ ಮಾಡಿಕೊಡುವವರನ್ನು.

ಎರಡನೇ ಮಹಾಯುದ್ಧದ ನಂತರ ಇದೇ ಸಂಗತಿ ಇನ್ನೂ ಎಷ್ಟೋ ದೊಡ್ಡದಾಯಿತು. ಯುರೋಪಿನ ಸೇನೆಗಳು ಹೊಸ ಬಂದೂಕಿಗೆ ಬದಲಾಗುತ್ತಿದ್ದಂತೆ ಹಳೆಯವು ರಾಶಿಬಿದ್ದವು. 1953ರಲ್ಲಿ ಸ್ಯಾಮ್ಯುಯೆಲ್ ಕಮಿಂಗ್ಸ್ ಕಟ್ಟಿದ ಕಂಪನಿ ಇವನ್ನು ಸಗಟಾಗಿ ಕೊಂಡು ವರ್ಜೀನಿಯಾದ ಅಲೆಕ್ಸಾಂಡ್ರಿಯಾದ ಗೋದಾಮುಗಳಿಗೆ ತಂದು ತುಂಬಿತು. ಅಮೆರಿಕದ ಸರ್ಕಾರವೂ ಹಿಂದೆ ಬೀಳಲಿಲ್ಲ. ಯುದ್ಧಕಾಲದಲ್ಲಿ ಅರವತ್ತು ಲಕ್ಷಕ್ಕೂ ಹೆಚ್ಚು ತಯಾರಾಗಿದ್ದ ಎಂ1 ಕಾರ್ಬೈನ್ ಎಂಬ ಹಗುರ ರೈಫಲನ್ನು 1963ರಿಂದ ರಾಷ್ಟ್ರೀಯ ರೈಫಲ್ ಸಂಘದ ಸದಸ್ಯರಿಗೆ ಸಾಗಣೆ ಸೇರಿ 20 ಡಾಲರಿಗೆ ಕೊಟ್ಟಿತು. ಅದನ್ನು ಮಾಡಿಸಲು ತೆರಿಗೆದಾರರು ತೆತ್ತದ್ದು ಇದಕ್ಕಿಂತ ಎಷ್ಟೋ ಹೆಚ್ಚು. ಕೊಂಡವನು ಖುಷಿಪಟ್ಟ ಅಗ್ಗದಲ್ಲಿ ಅವನ ಅಪ್ಪ ಕಟ್ಟಿದ ತೆರಿಗೆಯ ಪಾಲೂ ಇತ್ತು.

ಅಗ್ಗದ ಬಂದೂಕಿನ ಈ ಬಾಗಿಲು ಮುಚ್ಚಿದ್ದು ಸಂತೆಯಲ್ಲಿ ಸರಕು ತೀರಿದ್ದರಿಂದಲ್ಲ. 1963ರ ಮಾರ್ಚಿನಲ್ಲಿ ಲೀ ಹಾರ್ವೆ ಆಸ್ವಾಲ್ಡ್ ಸುಳ್ಳು ಹೆಸರಿನಲ್ಲಿ ಷಿಕಾಗೊದ ಅಂಗಡಿಯೊಂದರಿಂದ ಇಟಲಿಯ ಕಾರ್ಕಾನೊ ರೈಫಲನ್ನು ಅಂಚೆಯಲ್ಲಿ ತರಿಸಿಕೊಂಡ. ದುರ್ಬೀನು ಸಹಿತ ಬೆಲೆ 19.95 ಡಾಲರ್, ಸಾಗಣೆಗೆ ಒಂದೂವರೆ ಡಾಲರ್. ಅದೇ ವರ್ಷದ ನವೆಂಬರಿನಲ್ಲಿ ಅಧ್ಯಕ್ಷ ಕೆನಡಿ ಡಲ್ಲಾಸಿನಲ್ಲಿ ಆ ರೈಫಲಿನ ಗುಂಡಿಗೆ ಬಲಿಯಾದರು. ಸೆನೆಟರ್ ಥಾಮಸ್ ಡಾಡ್ ಅಂಚೆ ಬಂದೂಕಿನ ವಿಚಾರಣೆಯನ್ನು ಅದಕ್ಕೂ ಮೊದಲೇ ಆರಂಭಿಸಿದ್ದರು. ಅವರ ಕನೆಕ್ಟಿಕಟ್ ರಾಜ್ಯ ಬಂದೂಕು ಕಾರ್ಖಾನೆಗಳ ತವರು, ವಿದೇಶಿ ಅಗ್ಗದ ಸರಕಿನಿಂದ ಅವಕ್ಕೆ ಪೆಟ್ಟು ಬೀಳುತ್ತಿತ್ತು ಎಂಬುದನ್ನೂ ಮರೆಯಬಾರದು. ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿ ಹತ್ಯೆಗಳ ನಂತರ, 1968ರ ಅಕ್ಟೋಬರಿನಲ್ಲಿ ಬಂದ ಬಂದೂಕು ನಿಯಂತ್ರಣ ಕಾಯಿದೆ ರಾಜ್ಯದಿಂದ ರಾಜ್ಯಕ್ಕೆ ಜನಸಾಮಾನ್ಯರು ಅಂಚೆಯಲ್ಲಿ ಬಂದೂಕು ತರಿಸುವುದನ್ನೂ ವಿದೇಶಿ ಸೇನೆಗಳ ಹಳೆಯ ಬಂದೂಕಿನ ಆಮದನ್ನೂ ನಿಲ್ಲಿಸಿತು. 1984ರಲ್ಲಿ ಸಂಗ್ರಹಯೋಗ್ಯ ಹಳೆಯ ಬಂದೂಕುಗಳಿಗೆ ಮತ್ತೆ ದಾರಿ ಬಿಟ್ಟಾಗ, ಅದರಲ್ಲೂ ಸೋವಿಯತ್ ಒಕ್ಕೂಟ ಒಡೆದ ಮೇಲೆ, ರಷ್ಯದ ಮೋಸಿನ್ ರೈಫಲುಗಳು ನೂರು ಡಾಲರಿನ ಆಸುಪಾಸಿಗೆ ಇಳಿದವು. ಒಳಹರಿವು ಕುಗ್ಗಿದ ಮೇಲೆ ಅವೂ ಹಲವು ಪಟ್ಟು ಏರಿದವು. ಬಂದೂಕು ಅದೇ, ಬದಲಾದದ್ದು ಬಂದರಿನ ಬಾಗಿಲು.

ಹಾಗಾದರೆ ಕುಶಲ ಕೆಲಸಕ್ಕೆ ಬೆಲೆಯೇ ಇಲ್ಲವೇ ಎಂದು ಕೇಳಬಹುದು. ಉಕ್ಕನ್ನು ಕಡೆದು ಮಾಡಿದ ಭಾಗಗಳು, ವಾಲ್ನಟ್ ಮರದ ಹಿಡಿ ಇವತ್ತಿನ ಅಗ್ಗದ ಬಂದೂಕಿನಲ್ಲಿ ಸಿಗುವುದಿಲ್ಲ ಎಂಬುದು ನಿಜ. ಆದರೆ ಅದೇ ಉಕ್ಕು, ಅದೇ ಮರ ಇಪ್ಪತ್ತು ಡಾಲರಿಗೆ ಮಾರಾಟವಾದಾಗಲೂ ಇದ್ದವು. ಕುಶಲತೆಯಿಂದ ಬಂದೂಕು ಬಾಳಿಕೆ ಬರುತ್ತದೆ. ಬೆಲೆ ಏರಲು ಅಭಾವ ಬೇಕು. ಆ ಅಭಾವಕ್ಕೆ ಅಗ್ಗವೂ ಕೈಜೋಡಿಸಿತು. ಬೆಲೆ ಕಡಿಮೆಯೆಂದೇ ಸಾವಿರಾರು ಜನ ಸೇನೆಯ ರೈಫಲಿನ ಮರ ಕತ್ತರಿಸಿ, ನಳಿಗೆ ಮೊಟಕು ಮಾಡಿ ಬೇಟೆಗೆ ಹೊಂದಿಸಿಕೊಂಡರು. ಸಂಗ್ರಾಹಕರು ಈಗ ಹಣ ಸುರಿಯುವುದು ಹಾಗೆ ಕತ್ತರಿಗೆ ಸಿಗದೆ ಉಳಿದವುಗಳಿಗೆ.

ಹೂಡಿಕೆಯೆಂಬ ಮಾತಿಗೆ ಲೆಕ್ಕವೇ ಉತ್ತರ. 1963ರಿಂದ 2023ರವರೆಗಿನ ಅರವತ್ತು ವರ್ಷದಲ್ಲಿ ಡಾಲರಿನ ಕೊಳ್ಳುವ ಶಕ್ತಿ ಹತ್ತನೇ ಒಂದು ಭಾಗಕ್ಕೆ ಇಳಿಯಿತು. ಅಂದಿನ ಇಪ್ಪತ್ತು 2023ರ ಇನ್ನೂರಕ್ಕೆ ಸಮ. ಕಾರ್ಬೈನಿಗೆ ಈಗ ಸಾವಿರ ಡಾಲರಿಗೂ ಮೇಲೆ ಹೇಳುತ್ತಾರೆ, ಅಂದರೆ ನಿಜವಾದ ಏರಿಕೆ ಐದಾರು ಪಟ್ಟು. ಅದೇ ಅವಧಿಯಲ್ಲಿ ಅಮೆರಿಕದ ಎಸ್ ಅಂಡ್ ಪಿ 500 ಷೇರು ಸೂಚ್ಯಂಕ 75ರಿಂದ 4,770ರ ಹತ್ತಿರಕ್ಕೆ, ಡಾಲರಿನ ಇಳಿಕೆ ಕಳೆಯದೆ ಎಣಿಸಿದರೆ ಅರವತ್ತು ಪಟ್ಟಿಗೂ ಮೀರಿ, ಕಳೆದರೆ ಆರು ಪಟ್ಟಿಗೂ ಮೀರಿ, ಬೆಳೆಯಿತು. ಲಾಭಾಂಶ ಬಿಟ್ಟು ಎಣಿಸಿದರೂ ಬಂದೂಕು ಅದರ ಜೊತೆಗೆ ಹೆಜ್ಜೆ ಹಾಕುವುದೇ ಕಷ್ಟ. ಲಾಭಾಂಶ ಸೇರಿಸಿದರೆ ಬಹಳ ಹಿಂದೆ ಉಳಿಯುತ್ತದೆ. ತುಕ್ಕು ಹಿಡಿಯದಂತೆ ಎಣ್ಣೆ ಹಾಕಿ ಕಾಯ್ದ ಶ್ರಮ ಬೇರೆ.

ಚರಿತ್ರೆಯ ತುಣುಕನ್ನು ಕೈಯಲ್ಲಿ ಹಿಡಿಯುವ ಆಸೆಯಲ್ಲಿ ತಪ್ಪಿಲ್ಲ, ಸಂಗ್ರಾಹಕರಿಂದಲೇ ಎಷ್ಟೋ ಬಂದೂಕುಗಳ ಗುರುತು, ಕಾರ್ಖಾನೆಯ ಮುದ್ರೆ, ಬಳಕೆಯ ವಿವರ ಉಳಿದಿದೆ. ಆದರೆ ಹಳೆಯ ಬೆಲೆಪಟ್ಟಿಯನ್ನು ಸುವರ್ಣಯುಗದ ದಾಖಲೆಯೆಂದು ಓದುವುದು ಅರ್ಧ ಓದು. ಕೊಳ್ಳುವವನು ಕೊಟ್ಟ ಇಪ್ಪತ್ತು ಡಾಲರ್ ಒಂದು ಕಂತು ಮಾತ್ರ. ಉಳಿದ ಕಂತುಗಳನ್ನು ತೆರಿಗೆದಾರರು ಮತ್ತು ಯುದ್ಧದಲ್ಲಿ ಸತ್ತವರು ಮೊದಲೇ ಕಟ್ಟಿ ಮುಗಿಸಿದ್ದರು.