ಕೆತ್ತಿದವರು, ಒತ್ತಿದವರು

ಹೊಕುಸಾಯ್‌ನ ‘ಮಹಾ ಅಲೆ’ ಈಗ ಕಾಫಿ ಮಗ್ಗಿನ ಮೇಲೂ ಇದೆ, ಟೀ ಶರ್ಟಿನ ಮೇಲೂ ಇದೆ. ಒಬ್ಬ ಮೇಧಾವಿ ಕುಂಚ ಹಿಡಿದು ಬರೆದ ವರ್ಣಚಿತ್ರ ಅದು ಎಂದೇ ಕಲಾಶಾಲೆಯಲ್ಲಿ ಓದಿದವರೂ ನಂಬಿದ್ದಾರೆ. ಆದರೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವುದೂ ನ್ಯೂಯಾರ್ಕಿನ ಮೆಟ್ರೊಪಾಲಿಟನ್‌ನಲ್ಲಿರುವುದೂ ಮರದ ಹಲಗೆಯಿಂದ ಒತ್ತಿ ತೆಗೆದ ಹಾಳೆಗಳು. ‘ಮೂಲಚಿತ್ರ’ ಎಂಬುದು ಬೇರೆ ಇಲ್ಲವೇ ಇಲ್ಲ.

ಜಪಾನಿನಲ್ಲಿ ಮರದಚ್ಚು ಕಾಣಿಸಿಕೊಂಡದ್ದು ಎಂಟನೆಯ ಶತಮಾನದಲ್ಲಿ, ಬೌದ್ಧರ ಧಾರಣಿ ಮಂತ್ರಗಳಿಗಾಗಿ. ಹದಿನೇಳನೆಯ ಶತಮಾನದ ಕೊನೆಗೆ ಮೊರೊನೊಬು ಅದನ್ನು ಬಿಡಿ ಹಾಳೆಗೆ ತಂದ. 1765ರಲ್ಲಿ, ಹರುನೊಬುವಿನ ಕಾಲಕ್ಕೆ, ಬಹುವರ್ಣ ಬಂತು. ಆಮೇಲೆ ಉತಮಾರೊ, ಶರಾಕು. 1831ರ ಸುಮಾರಿಗೆ ‘ಅಲೆ’. ಅದರ ಬೆನ್ನಿಗೇ ಹಿರೊಶಿಗೆಯ ತೊಕೈದೊ ಹಾದಿಯ ಚಿತ್ರಮಾಲೆ. ಇಷ್ಟು ಯಾವ ಪುಸ್ತಕದಲ್ಲಾದರೂ ಸಿಗುತ್ತದೆ. ಕೆಲಸ ನಡೆದ ಬಗೆಯನ್ನು ಮಾತ್ರ ಹುಡುಕಿಕೊಂಡು ಹೋಗಬೇಕು.

ಕಲಾವಿದ ತೆಳು ಕಾಗದದಲ್ಲಿ ಬರೆದ ರೇಖಾಚಿತ್ರವನ್ನು ಚೆರ್ರಿ ಮರದ ಹಲಗೆಗೆ ಬೋರಲಾಗಿ ಅಂಟಿಸುತ್ತಿದ್ದರು. ಕೆತ್ತುವವನು ಕಾಗದದ ಸಮೇತ ಕೊರೆಯುತ್ತಿದ್ದ. ಕಲಾವಿದ ಬರೆದ ಹಾಳೆ ಅಲ್ಲಿಗೆ ಮುಗಿಯಿತು. ಉಳಿಯುವ ಗೆರೆ ಕೆತ್ತಿದವನದು. ಒತ್ತುವವನು ಹಲಗೆಗೆ ಬಣ್ಣವನ್ನೂ ಅಕ್ಕಿ ಅಂಟನ್ನೂ ಸವರಿ, ಮೇಲೆ ಕಾಗದವಿಟ್ಟು, ಬಿದಿರಿನ ಹಾಳೆ ಸುತ್ತಿದ ಬಿಲ್ಲೆಯಿಂದ ಅದರ ಬೆನ್ನು ಉಜ್ಜುತ್ತಿದ್ದ. ಹಿರೊಶಿಗೆಯ ಆಕಾಶದಲ್ಲಿ ಗಾಢ ನೀಲಿ ಕೆಳಗಿಳಿಯುತ್ತ ಕರಗುತ್ತದಲ್ಲ, ಅದನ್ನು ಯಾರೂ ಕೆತ್ತಿಲ್ಲ. ಒದ್ದೆ ಹಲಗೆಯ ಮೇಲೆ ಬಣ್ಣವನ್ನು ಪ್ರತಿ ಹಾಳೆಗೂ ಹೊಸದಾಗಿ ತೇಲಿಸಿ ತಂದದ್ದು ಒತ್ತುವವನ ಕೈ. ‘ಅಲೆ’ಯ ತಡವಾದ ಪ್ರತಿಗಳಲ್ಲಿ ಶೀರ್ಷಿಕೆಯ ಚೌಕಟ್ಟಿನ ಗೆರೆ ಅಲ್ಲಲ್ಲಿ ತುಂಡಾಗಿದೆ, ಹಲಗೆ ಸವೆದಿತ್ತು.

ಗ್ರಾಫಿಕ್ ವಿಭಾಗಗಳಲ್ಲಿ ನಮ್ಮ ಪೀಳಿಗೆ ಕಲಿತ ಪಾಠವೇ ಬೇರೆ. 1904ರಲ್ಲಿ ಯಮಮೊಟೊ ಕನಾಯೆ ‘ಮೀನುಗಾರ’ನನ್ನು ತಾನೇ ಬರೆದು, ಕೆತ್ತಿ, ಒತ್ತಿದ. ಮೂರೂ ಒಬ್ಬನದೇ ಕೆಲಸವಾಗಬೇಕೆಂಬ ಸೊಸಾಕು ಹಾಂಗಾ ಪಂಥ ಅಲ್ಲಿಂದ ಬೆಳೆಯಿತು. 1956ರಲ್ಲಿ ವೆನಿಸ್ ಬಿಯೆನಾಲೆಯಲ್ಲಿ ಮುನಕತಾ ಶಿಕೊ ಬಹುಮಾನ ಗೆದ್ದ ಮೇಲೆ ಅದೇ ಅಳತೆಗೋಲಾಯಿತು. ಮುನಕತನ ಕಸುವಿನ ಬಗ್ಗೆ ತಕರಾರಿಲ್ಲ. ಆದರೆ ಕೂಲಿಗೆ ಕೆತ್ತಿದವರು ಬರೀ ಕಸುಬಿನವರೆಂದು ಬದಿಗೆ ಸರಿದರು.

ಅದಕ್ಕೇ ಯೊಶಿದಾ ಹಿರೊಶಿ (1876–1950) ನನಗೆ ದೊಡ್ಡವನು. ಪ್ರಕಾಶಕ ವತನಬೆಯ ಬಳಿಯಿದ್ದ ಅವನ ಹಲಗೆಗಳು 1923ರ ಭೂಕಂಪದ ಬೆಂಕಿಗೆ ಹೋದವು. 1925ರಲ್ಲಿ ಯೊಶಿದಾ ತನ್ನದೇ ಕಾರ್ಯಾಗಾರ ಕಟ್ಟಿ ನುರಿತ ಕೆಲಸಗಾರರನ್ನು ಕೂರಿಸಿದ, ತಾನೂ ಉಳಿ ಹಿಡಿದ. 1930ರಲ್ಲಿ ಭಾರತಕ್ಕೆ ಹೊರಟು ಬಂದು ಕಾಶಿ, ಉದಯಪುರ, ಅಜಂತಾ, ಮಧುರೈಗಳನ್ನು ಅಚ್ಚಿಗಿಳಿಸಿದ. ತಾಜಮಹಲಿನ ಉದ್ಯಾನದ ಹಗಲೂ ಇರುಳೂ ಬಣ್ಣ ಬದಲಿಸಿ ತೆಗೆದವು. ಬಂಡೆ, ನೀರು, ಮಂಜಿಗೆ ಹಲವಾರು ಬಾರಿ ಒತ್ತಿದ ಆ ಪದರಗಳನ್ನು ಹತ್ತಿರದಿಂದ ನೋಡಿದವರು ಮರದಚ್ಚನ್ನು ಅಗ್ಗದ ನಕಲೆನ್ನಲಾರರು.

ಅವನೀಂದ್ರನಾಥರ ಶಿಷ್ಯ ಕೆ. ವೆಂಕಟಪ್ಪನವರ ನೆಪದಲ್ಲಿ ನಾವು ಜಪಾನಿನ ವಾಷ್ ಚಿತ್ರಶೈಲಿ ಕುರಿತು ಬರೆದಿದ್ದೇವೆ. ಅಚ್ಚಿನ ಕೆಲಸಗಾರರ ಕುರಿತು ಬರೆದದ್ದು ಕಡಿಮೆ. ಕೋಲಾರ ಚಿನ್ನದ ಗಣಿಯ ಉರಿಗಾಂನಲ್ಲಿ ಕೂತವನಿಗೆ ಈ ಕೊರತೆ ಚುಚ್ಚುತ್ತದೆ. ಇಲ್ಲಿನ ಚರಿತ್ರೆಯಲ್ಲೂ ಗಣಿ ನಡೆಸಿದ ಜಾನ್ ಟೇಲರ್ ಕಂಪನಿಯ ಹೆಸರು ಮೊದಲು ಬರುತ್ತದೆ. ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ ಬಂಡೆ ಕೊರೆದವರನ್ನು ಹುಡುಕಬೇಕು. ಜಪಾನಿನ ಅಚ್ಚಿನಲ್ಲಾದರೆ, 1850ರ ದಶಕದ ಕೆಲವು ಹಾಳೆಗಳಲ್ಲಿ ‘ಹೊರಿ ತಾಕೆ’ ಎಂಬ ಕೆತ್ತನೆಗಾರನ ಪುಟ್ಟ ಮುದ್ರೆ ಇದೆ. ಅಂಥ ಮುದ್ರೆಗಳನ್ನು ಓದಿಸುವ ಕೈಪಿಡಿಯೊಂದು ಕನ್ನಡದಲ್ಲಿ ಬರಲಿ, ಗ್ರಾಫಿಕ್ ವಿದ್ಯಾರ್ಥಿಗಳ ಮೊದಲ ವರ್ಷದ ಪಾಠ ಅಲ್ಲಿಂದಲೇ ಶುರುವಾಗಲಿ.