ಇಂಗ್ಲಿಷ್ ವ್ಯಾಕರಣದಲ್ಲಿ ಭೂತಕಾಲ

ಇಂಗ್ಲಿಷ್ ವ್ಯಾಕರಣದಲ್ಲಿ ಭೂತಕಾಲವೆಂದರೆ ಮಾತನಾಡುವ ಕ್ಷಣಕ್ಕಿಂತ ಮೊದಲು ನಡೆದ ಕ್ರಿಯೆಯನ್ನು ಅಥವಾ ಇದ್ದ ಸ್ಥಿತಿಯನ್ನು ತಿಳಿಸುವ ಕ್ರಿಯಾಪದ ರೂಪ. ಶಾಲಾ ವ್ಯಾಕರಣಗಳು ಇದನ್ನು ಸಿಂಪಲ್ ಪಾಸ್ಟ್, ಪಾಸ್ಟ್ ಕಂಟಿನ್ಯುಯಸ್, ಪಾಸ್ಟ್ ಪರ್ಫೆಕ್ಟ್, ಪಾಸ್ಟ್ ಪರ್ಫೆಕ್ಟ್ ಕಂಟಿನ್ಯುಯಸ್ ಎಂದು ನಾಲ್ಕಾಗಿ ವಿಂಗಡಿಸುತ್ತವೆ. ಇಂಗ್ಲಿಷಿಗೆ ವರ್ತಮಾನ ಮತ್ತು ಭೂತ ಎಂಬ ಎರಡೇ ಕಾಲಗಳಿವೆ, ಉಳಿದ ಭೇದಗಳು ಕ್ರಿಯೆ ಮುಗಿದಿದೆಯೇ ಸಾಗುತ್ತಿದೆಯೇ ಎಂಬುದನ್ನು ಮಾತ್ರ ಹೇಳುತ್ತವೆ ಎಂಬುದು ಅನೇಕ ಆಧುನಿಕ ಭಾಷಾವಿಜ್ಞಾನಿಗಳ ಅಭಿಪ್ರಾಯ. ಆದರೂ ಕಲಿಯುವವರಿಗೆ ಶಾಲಾ ವಿಂಗಡಣೆಯೇ ಅನುಕೂಲಕರ.

ರೂಪ

ಕನ್ನಡದಲ್ಲಿ ಧಾತುವಿಗೆ ‘ದ’ ಎಂಬ ಕಾಲಸೂಚಕ ಪ್ರತ್ಯಯ ಸೇರಿ, ಅದರ ಮೇಲೆ ಪುರುಷ, ಲಿಂಗ, ವಚನಗಳನ್ನು ಸೂಚಿಸುವ ಪ್ರತ್ಯಯ ಬರುತ್ತದೆ: ಹೋದನು, ಹೋದಳು, ಹೋದೆವು. ಇಂಗ್ಲಿಷಿನಲ್ಲಿ ‘ವೆಂಟ್’ ಎಂಬ ಒಂದೇ ರೂಪ ಎಲ್ಲ ಕರ್ತೃಗಳಿಗೂ ಸಲ್ಲುತ್ತದೆ. ‘ವಾಸ್’, ‘ವರ್’ ಎಂಬ ಎರಡು ರೂಪಗಳುಳ್ಳ ‘ಬಿ’ ಕ್ರಿಯಾಪದವೊಂದೇ ಇದಕ್ಕೆ ಅಪವಾದ.

ನಿಯತ ಕ್ರಿಯಾಪದಗಳ ಕೊನೆಗೆ ‘ಇ’, ‘ಡಿ’ ಎಂಬ ಅಕ್ಷರಗಳು ಸೇರುತ್ತವೆ. ಬರಹ ಒಂದೇ ಆದರೂ ಉಚ್ಚಾರಣೆ ಮೂರು ಬಗೆ: ವಾಕ್ಟ್, ಪ್ಲೇಡ್, ವಾಂಟೆಡ್. ಅನಿಯತ ಕ್ರಿಯಾಪದಗಳಲ್ಲಿ ‘ಸಿಂಗ್’ ‘ಸ್ಯಾಂಗ್’ ಆಗುವಂಥ ಸ್ವರವ್ಯತ್ಯಾಸ ಹಳೆಯ ಇಂಗ್ಲಿಷಿನಿಂದ ಉಳಿದು ಬಂದದ್ದು. ‘ಪುಟ್’, ‘ಕಟ್’ ಬದಲಾಗುವುದೇ ಇಲ್ಲ. ‘ರೀಡ್’ ಬರಹದಲ್ಲಿ ಹಾಗೆಯೇ ಉಳಿದು ಉಚ್ಚಾರಣೆಯಲ್ಲಿ ‘ರೆಡ್’ ಆಗುತ್ತದೆ. ‘ಗೋ’ ಎಂಬುದಕ್ಕೆ ಭೂತರೂಪವಾಗಿರುವ ‘ವೆಂಟ್’ ಮೂಲತಃ ‘ವೆಂಡ್’ ಎಂಬ ಬೇರೊಂದು ಕ್ರಿಯಾಪದಕ್ಕೆ ಸೇರಿದ್ದು. ಇವನ್ನು ಬಾಯಿಪಾಠ ಮಾಡದೆ ಗತ್ಯಂತರವಿಲ್ಲ.

ನಿಷೇಧ ಮತ್ತು ಪ್ರಶ್ನೆಗಳಲ್ಲಿ ಕಾಲವನ್ನು ‘ಡಿಡ್’ ಹೊರುವುದರಿಂದ ಮುಖ್ಯ ಕ್ರಿಯಾಪದ ಮೂಲರೂಪದಲ್ಲಿಯೇ ಇರಬೇಕು. ‘ಹೀ ಡಿಡ್ ನಾಟ್ ಗೋ’ ಸರಿ. ‘ಹೀ ಡಿಡ್ ನಾಟ್ ವೆಂಟ್’ ತಪ್ಪು. ಕನ್ನಡದಲ್ಲಿಯೂ ‘ಹೋಗಲಿಲ್ಲ’ ಎನ್ನುತ್ತಾರೆಯೇ ಹೊರತು ‘ಹೋದಲಿಲ್ಲ’ ಎನ್ನುವುದಿಲ್ಲ ಎಂಬುದನ್ನು ನೆನೆದರೆ ಈ ತಪ್ಪು ಸುಲಭವಾಗಿ ತಪ್ಪುತ್ತದೆ.

ಬಳಕೆ

ನಿರ್ದಿಷ್ಟ ಕಾಲದಲ್ಲಿ ನಡೆದು ಮುಗಿದುದಕ್ಕೆ ಸಿಂಪಲ್ ಪಾಸ್ಟ್ ಬರುತ್ತದೆ. ಆಗ ಸಾಗುತ್ತಿದ್ದ ಕ್ರಿಯೆಗೆ ಪಾಸ್ಟ್ ಕಂಟಿನ್ಯುಯಸ್, ಗತಿಸಿದ ಎರಡು ಘಟನೆಗಳಲ್ಲಿ ಮೊದಲಿನದಕ್ಕೆ ಪಾಸ್ಟ್ ಪರ್ಫೆಕ್ಟ್. ‘ವೆನ್ ಐ ರೀಚ್ಡ್ ದ ಸ್ಟೇಷನ್, ದ ಟ್ರೈನ್ ಲೆಫ್ಟ್’ ಎಂದರೆ ತಲುಪಿದಾಗ ರೈಲು ಹೊರಟಿತು. ‘ಹ್ಯಾಡ್ ಲೆಫ್ಟ್’ ಎಂದರೆ ಅಷ್ಟರಲ್ಲಾಗಲೇ ಹೊರಟುಹೋಗಿತ್ತು. ಅಂತೆಯೇ ಒಂಟಿ ಘಟನೆಗೆ ‘ಹ್ಯಾಡ್’ ಸಾಮಾನ್ಯವಾಗಿ ಬೇಕಿಲ್ಲ. ‘ನಿನ್ನೆ ಮೈಸೂರಿಗೆ ಹೋಗಿದ್ದೆ’ ಎಂಬುದನ್ನು ‘ಐ ಹ್ಯಾಡ್ ಗಾನ್ ಟು ಮೈಸೂರು ಯೆಸ್ಟರ್‌ಡೇ’ ಎಂದು ಅನುವಾದಿಸುವುದು ಕನ್ನಡಿಗರಲ್ಲಿ ಸಾಮಾನ್ಯ; ಅಲ್ಲಿ ‘ಐ ವೆಂಟ್’ ಸಾಕು.

ಅತಿ ಹೆಚ್ಚು ಗೊಂದಲ ಹುಟ್ಟುವುದು ಸಿಂಪಲ್ ಪಾಸ್ಟ್ ಮತ್ತು ಪ್ರೆಸೆಂಟ್ ಪರ್ಫೆಕ್ಟ್‌ಗಳ ನಡುವೆ. ಎರಡನೆಯದು ಹಿಂದಿನದನ್ನು ಹೇಳಿದರೂ ವರ್ತಮಾನದ ನಂಟನ್ನು ಬಿಡುವುದಿಲ್ಲ. ‘ನಿನ್ನೆ ಬಂದಿದ್ದಾನೆ’ ಎಂಬುದು ಕನ್ನಡದಲ್ಲಿ ಸಹಜವಾದರೂ, ‘ಯೆಸ್ಟರ್‌ಡೇ’ಯಂಥ ಮುಗಿದ ಕಾಲದ ಪದದೊಂದಿಗೆ ‘ಹ್ಯಾಸ್ ಕಮ್’ ಹೊಂದುವುದಿಲ್ಲ. ಉದ್ಯೋಗದ ಅರ್ಜಿಯಲ್ಲಿ ‘ಐ ವರ್ಕ್ಡ್ ಹಿಯರ್ ಫಾರ್ ಫೈವ್ ಇಯರ್ಸ್’ ಎಂದು ಬರೆದರೆ ಅರ್ಜಿದಾರರು ಆ ಕೆಲಸ ಬಿಟ್ಟಿದ್ದಾರೆಂದೇ ಅರ್ಥ. ಇನ್ನೂ ಅಲ್ಲಿಯೇ ಇದ್ದರೆ ‘ಐ ಹ್ಯಾವ್ ವರ್ಕ್ಡ್’ ಎಂದಿರಬೇಕು. ಕನ್ನಡ ಇಲ್ಲಿ ‘ಐದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ’ ಎಂದು ವರ್ತಮಾನವನ್ನು ಬಳಸುವುದರಿಂದ ‘ಐ ಆ್ಯಮ್ ವರ್ಕಿಂಗ್ ಸಿನ್ಸ್ ಫೈವ್ ಇಯರ್ಸ್’ ಎಂಬ ಮತ್ತೊಂದು ತಪ್ಪೂ ರೂಢಿಯಲ್ಲಿದೆ. ಅಮೆರಿಕನ್ ಇಂಗ್ಲಿಷಿನಲ್ಲಿ ‘ಡಿಡ್ ಯು ಈಟ್ ಆಲ್‌ರೆಡಿ?’ ಎಂದು ಕೇಳುವುದುಂಟು. ಬ್ರಿಟಿಷ್ ರೂಢಿ ‘ಹ್ಯಾವ್ ಯು ಈಟನ್?’ ಎಂಬುದಕ್ಕೆ ಒಲಿಯುತ್ತದೆ.

ಇತರ ಅರ್ಥಗಳು

ಭೂತರೂಪ ಯಾವಾಗಲೂ ಗತಿಸಿದ ಕಾಲವನ್ನೇ ಸೂಚಿಸುವುದಿಲ್ಲ. ‘ಐ ವಾಂಟೆಡ್ ಟು ಆಸ್ಕ್ ಯು’ ಎಂಬಲ್ಲಿ ಅದು ವಿನಯಸೂಚಕ. ‘ಇಫ್ ಐ ಹ್ಯಾಡ್ ಮನಿ’ ಎಂಬಲ್ಲಿ ಈಗ ಹಣವಿಲ್ಲವೆಂಬ ಸೂಚನೆಯಿದೆ. ಕನ್ನಡಕ್ಕೂ ಇಂಥ ಪ್ರಯೋಗ ಹೊಸದಲ್ಲ: ‘ನಾಳೆ ಮಳೆ ಬಂದರೆ’ ಎಂಬಲ್ಲಿನ ‘ಬಂದರೆ’ ಭವಿಷ್ಯವನ್ನು ಕುರಿತದ್ದಾದರೂ ಭೂತಕಾಲದ ‘ಬಂದ’ ರೂಪದಿಂದಲೇ ಆದದ್ದು.