ಮನಿ ಮಾರಿದವರ ಲೆಕ್ಕ

ಹಲಸಂಗಿ ಅಂದ ಕೂಡಲೇ ನಮ್ಮ ಸಾಹಿತ್ಯ ಚರಿತ್ರೆಕಾರರಿಗೆ ನೆನಪಾಗುವುದು ಹಾಡು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬರಂಥ ಗೆಳೆಯರು ಹೆಂಗಸರ ಬಾಯಿಂದ ತ್ರಿಪದಿ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಯಿತು. ಅದು ದೊಡ್ಡ ಕೆಲಸ, ನಾವು ಅಲ್ಲಗಳೆಯುವುದಿಲ್ಲ. ಬೀಸುಕಲ್ಲಿನ ಮುಂದೆ ಕುಂತವಳು ತವರುಮನಿ ನೆನೆಸಿ ಹಾಡಿದ್ದು ನಮಗೂ ಕರುಳಿನ ಮಾತೇ. ಆದರೆ ಆ ತವರುಮನಿ ಮಾರಿಹೋದಾಗ ಎಷ್ಟು ಬಂತು, ಎಷ್ಟು ಹೋಯಿತು? ಅದನ್ನು ಹಾಡಿನಲ್ಲಲ್ಲ, ಕಾಯಿದೆ ಪುಸ್ತಕದಲ್ಲಿ ಹುಡುಕಬೇಕು.

1908ರ ನೋಂದಣಿ ಕಾಯಿದೆ ತೆಗೆದು ನೋಡಿ. ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸ್ಥಿರ ಆಸ್ತಿಯಾದರೆ ಖರೀದಿಪತ್ರ ನೋಂದಣಿ ಆಗಲೇಬೇಕು. ಅದಕ್ಕೂ ಕಡಿಮೆಯದಾದರೆ, 1882ರ ಆಸ್ತಿ ವರ್ಗಾವಣೆ ಕಾಯಿದೆಯ ಪ್ರಕಾರ, ಕಬ್ಜಾ ಬಿಟ್ಟುಕೊಟ್ಟರೆ ಸಾಕು. ಓದಿದವರಿಗೆ ಇದು ಬಡವರ ಮೇಲಿನ ಉಪಕಾರ ಅನಿಸೀತು. ಸ್ಟಾಂಪು ಬ್ಯಾಡ, ಕಚೇರಿಗೆ ಅಲೆಯೂದು ಬ್ಯಾಡ. ಆದರೆ ಆ ಕಾಲಕ್ಕೆ ನೂರು ರೂಪಾಯಿ ಬಾಳದ ಮನಿ ಯಾರದಿತ್ತು? ಮಣ್ಣಿನ ಗೋಡೆ, ಮಣ್ಣಿನ ಮಾಳಿಗಿ, ನಾಕು ತೊಲೆ, ಒಂದು ಬಾಗಿಲದ್ದು. ಕಾಗದವೇ ಬೇಕಿಲ್ಲದ ಮಾರಾಟಕ್ಕೆ ಚರಿತ್ರೆಯೂ ಇಲ್ಲ. ಹಳ್ಳಿ ಶಾಲೆಗಳ ಗೆಳೆಯರೆ, ಅಂಥ ಮಾರಾಟದ ದಾಖಲೆ ನಮ್ಮ ಮುದುಕಿಯರ ಬಾಯಲ್ಲಿ ಮಾತ್ರ ಇದೆ, ಕೇಳಿ ಬರೆದಿಡಿ.

ಕೇರಿಯ ಮನಿಗೆ ಊರಾಗಿನವ ಗಿರಾಕಿ ಆಗೂದಿಲ್ಲ. ಅಲ್ಲಿ ಬಂದು ಇರುವವನೂ ಅಲ್ಲ, ಇರಲಿ ಅಂತ ತಗೊಳ್ಳುವವನೂ ಅಲ್ಲ. ಕೊಳ್ಳಬೇಕಾದವ ಪಕ್ಕದ ಮನಿಯವ, ಅವನೂ ನಮ್ಮ ಹಾಂಗೇ ಬರಿಗೈಯವ. ಜಾಗಕ್ಕೆ ಬೆಲೆಯಿಲ್ಲ, ತೊಲೆ, ಬಾಗಿಲು, ಕಲ್ಲಿಗೆ ಏನು ಬರುತ್ತದೋ ಅಷ್ಟೇ ಬೆಲೆ. ಅರ್ಥಶಾಸ್ತ್ರ ಓದಿದವರು ಪೇಟೆಯ ದರ ಎನ್ನುತ್ತಾರಲ್ಲ, ಅದು ಕೇರಿಯ ಗಡಿ ದಾಟಿ ಒಳಗೆ ಬಂದದ್ದೇ ಇಲ್ಲ. ಅಸ್ಪೃಶ್ಯತೆಗೆ ರೂಪಾಯಿಯ ಲೆಕ್ಕವೂ ಉಂಟು.

ಇನ್ನು ಸಾಲ. ಅಡವು ಬರೆಸಿಕೊಳ್ಳುವ ಬದಲು ಸಾಹುಕಾರ ಪಕ್ಕಾ ಖರೀದಿಯನ್ನೇ ಬರೆಸಿಕೊಳ್ಳುತ್ತಾನೆ. ‘ರೊಕ್ಕ ತಂದ ದಿನ ತಿರುಗಿ ಬರಕೊಡ್ತೀನಿ’ ಎಂಬ ಮಾತು ಬಾಯಲ್ಲಿ, ಹೆಬ್ಬೆಟ್ಟು ಕಾಗದದ ಮೇಲೆ. 1875ರಲ್ಲಿ ಪುಣೆ, ಅಹಮದನಗರ ಸೀಮೆಯ ರೈತರು ಸಾಹುಕಾರರ ಪತ್ರಗಳನ್ನು ಸುಟ್ಟರು. ಅದರ ಹೆದರಿಕೆಗೆ 1879ರಲ್ಲಿ ದಖ್ಖನಿನ ರೈತರ ಪರಿಹಾರ ಕಾಯಿದೆ ಬಂತು. ಖರೀದಿ ಎಂದು ಬರೆದದ್ದು ನಿಜಕ್ಕೂ ಅಡವೇ ಎಂದು ಬಾಯಿ ಸಾಕ್ಷಿಯಿಂದ ತೋರಿಸುವ ದಾರಿಯೂ ಮುಂದೆ ಅದರಲ್ಲಿ ಸೇರಿತು. ಆದರೆ 1929ರಲ್ಲಿ ಆಸ್ತಿ ವರ್ಗಾವಣೆ ಕಾಯಿದೆಗೆ ತಿದ್ದುಪಡಿ ತಂದರು: ತಿರುಗಿ ಕೊಡುವ ಶರತ್ತು ಅದೇ ಖರೀದಿಪತ್ರದಲ್ಲಿ ಇಲ್ಲದಿದ್ದರೆ ಅದು ಅಡವಲ್ಲ. ಓದಲು ಬಾರದವನ ಪತ್ರದಲ್ಲಿ ಶರತ್ತು ಬರೆಯುವವರು ಯಾರು? ಬರೆಯುವವನಿಗೆ ಕೂಲಿ ಕೊಡುವವ ಸಾಹುಕಾರನೇ.

ಒಕ್ಕಲಿಗನು ತಾನಿರುವ ಮನೆ ಸಾಲಕ್ಕೆ ಜಪ್ತಿ ಆಗಕೂಡದು ಎಂದು 1908ರ ದಿವಾಣಿ ಸಂಹಿತೆಯ 60ನೇ ಕಲಮು ಹೇಳಿತು. ಕೂಲಿಯವನ ಹೆಸರು ಅದರಲ್ಲಿರಲಿಲ್ಲ. ಕೂಲಿಗಾರ, ಮನೆಗೆಲಸದವ ಎಂಬ ಶಬ್ದಗಳು ಸೇರಿದ್ದು 1976ರ ತಿದ್ದುಪಡಿಯಲ್ಲಿ. ನಡುವೆ ಅರವತ್ತೆಂಟು ವರ್ಷ! ಸೇರಿದ ಮೇಲಾದರೂ ಜಪ್ತಿ ತಪ್ಪೀತು, ಮಗಳ ಮದುವೆಗೋ ಗಂಡನ ಬ್ಯಾನಿಗೋ ತಾನೇ ಹೆಬ್ಬೆಟ್ಟೊತ್ತುವುದು ತಪ್ಪಲಿಲ್ಲ.

ಹೊಲದ ಕಥೆ ಬ್ಯಾರೆ. ವತನದ ತುಂಡು ಭೂಮಿ ತೋರಿಸಿ ಊರು ನಮ್ಮವರನ್ನು ಹಗಲೂ ರಾತ್ರಿ ದುಡಿಸಿತು. ಅದರಿಂದ ಬಿಡುಗಡೆಗೆ ಬಾಬಾಸಾಹೇಬರು 1928ರಲ್ಲೇ ಮುಂಬಯಿ ಶಾಸನಸಭೆಯಲ್ಲಿ ಮಸೂದೆ ಮಂಡಿಸಿದರು, ಪಾಸಾಗಲಿಲ್ಲ. ನಮ್ಮ ಜಿಲ್ಲೆ 1956ರಲ್ಲಿ ಮೈಸೂರು ರಾಜ್ಯ ಸೇರಿತು. ಗ್ರಾಮಾಧಿಕಾರ ರದ್ದತಿ ಕಾಯಿದೆ ಜಾರಿಯಾದದ್ದು 1963ರ ಫೆಬ್ರವರಿ 1ಕ್ಕೆ. ಸರ್ಕಾರ ಮಂಜೂರು ಮಾಡಿದ ಭೂಮಿ ಪರರ ಕೈಸೇರದಂತೆ 1978ರ ಕಾಯಿದೆ ಬಂತು, 1984ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 2017ರಲ್ಲಿ ಅದೇ ಕೋರ್ಟು ತಡಮಾಡಿ ಬಂದವರಿಗೆ ಇಲ್ಲ ಎಂದಿತು; 2023ರಲ್ಲಿ ಕಾಲಮಿತಿ ಇಲ್ಲವೆಂದು ತಿದ್ದುಪಡಿಯಾಯಿತು. ಇಷ್ಟೆಲ್ಲ ಜಗ್ಗಾಟ ಮಂಜೂರಾದ ಭೂಮಿಗೆ. ಹಳೆ ಗಾವಠಾಣದ ಮನಿ ಸರ್ಕಾರ ಕೊಟ್ಟದ್ದಲ್ಲ, ಅಜ್ಜ ಮಣ್ಣು ತುಳಿದು ಕಟ್ಟಿದ್ದು. ಆದ್ದರಿಂದಲೇ ಅದಕ್ಕೆ ಆ ರಕ್ಷಣೆ ಇಲ್ಲ.

ಈಗ ಪಂಚಾಯ್ತಿಯ ಇ-ಸ್ವತ್ತಿನಲ್ಲಿ ನಮೂನೆ 9, ನಮೂನೆ 11 ಇಲ್ಲದೆ ಮನಿ ನೋಂದಣಿ ಆಗದು. ಅಜ್ಜನ ಹೆಸರಲ್ಲೇ ಉಳಿದ ಉತಾರ, ವಾಟ್ನಿಯಾಗದ ಅಣ್ಣತಮ್ಮಂದಿರು, ಅಳತೆ, ನಕಾಶೆ. ಮಾರುವ ಮೊದಲೇ ಖರ್ಚು. ಸ್ಟಾಂಪಿನ ಖರ್ಚು ಕೊಳ್ಳುವವನದು ಅನ್ನುತ್ತದೆ ಕಾಯಿದೆ. ದವಾಖಾನೆಯಲ್ಲಿ ಮನುಷ್ಯ ಮಲಗಿರುವಾಗ ಮಾರುವವನ ಬೆಲೆಯಲ್ಲೇ ಅದೂ ಕಡಿತವಾಗುತ್ತದೆ.

ಮತ್ತೆ ಸೊಲ್ಲಾಪುರ, ಮುಂಬಯಿ, ಗೋವಾ. ಅಲ್ಲಿ ಬಾಡಿಗೆ ಮನಿ ಕೇಳಿದರೆ ಮಾಲೀಕ ಮೊದಲು ಕೇಳುವುದು ರೊಕ್ಕವನ್ನಲ್ಲ. ‘ಯಾವ ಮಂದಿ ನೀವು?’ ಅನ್ನುತ್ತಾನೆ. ಹೇಳಿದ ಮೇಲೆ ಆ ಮನಿ ಆಗಲೇ ಇನ್ನೊಬ್ಬರಿಗೆ ಹೋಗಿರುತ್ತದೆ.